ಕಡಲಿಲ್ಲದ ನಾಡಿನ ಸಾಗರ : ಸವದತ್ತಿ

ರಜೆಯ ದಿನಗಳು ಬಂದರೆ ನಮ್ಮ ಕಡೆಯ ವಿದ್ಯಾರ್ಥಿಗಳ ಮನಸ್ಸು ಕಾರವಾರ, ಗೋಕರ್ಣ, ಗೋವೆಗಳ ಕಡೆಗೆ ಹರಿಯುವದು ಸ್ವಾಭಾವಿಕ. ಎರೆಹೊಲ, ಜೋಳದ ತೆನೆ, ಬೇಸಿಗೆಯ ಬಿಸಿಲು ಇವುಗಳ ನಡುವೆ ಬೆಳೆದವರಿಗೆ ಕಡಲೆಂಬುದು ಎಂದೂ ತೀರದ ಬೆರಗು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಿಗೆ ಕಡಲ ದಂಡೆಯ ಭಾಗ್ಯವಿಲ್ಲ. ಆದರೆ ಸಾಗರವೆಂದು ಹೆಸರು ಹೊತ್ತ ನೀರು ನಮ್ಮಲ್ಲಿಯೂ ಉಂಟು. ವರ್ಷಕ್ಕೆ ಲಕ್ಷಾವಧಿ ಜನ ಬಂದು ಹೋಗುವ ಊರೂ ಅದರ ಮಗ್ಗುಲಲ್ಲಿಯೇ ಉಂಟು. ನೀರು ರೇಣುಕಾಸಾಗರ, ಊರು ಸವದತ್ತಿ.

ಸವದತ್ತಿಗೆ ಬರುವವರಲ್ಲಿ ಬಹುಜನರು ನೇರವಾಗಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ದರ್ಶನ ಮುಗಿಸಿ, ಬಂದ ಹಾದಿಯಲ್ಲಿಯೇ ತಿರುಗಿ ಹೋಗುವರು. ಕೆಲವರು ನವಿಲುತೀರ್ಥದ ಆಣೆಕಟ್ಟನ್ನಷ್ಟೇ ನೋಡುವರು. ಕೋಟೆಯನ್ನೂ ಶಾಸನಗಳನ್ನೂ ಹುಡುಕಿಕೊಂಡು ಬರುವವರು ವಿರಳ. ಹೀಗೆ ಒಬ್ಬೊಬ್ಬರು ಒಂದೊಂದನ್ನು ನೋಡಿ, ಸವದತ್ತಿಯನ್ನು ನೋಡಿದೆವೆಂದು ಹೇಳುವದು ವಾಡಿಕೆ. ವಾಸ್ತವವಾಗಿ ರಾಜಧಾನಿ, ದೇವಸ್ಥಾನ, ಜಲಾಶಯ ಈ ಮೂರೂ ಬೇರೆ ಬೇರೆ ನೋಟಗಳಲ್ಲ. ಒಂದೇ ಗುಡ್ಡದ ಸಾಲು ಮತ್ತು ಅದನ್ನು ಸೀಳಿದ ಒಂದೇ ಹೊಳೆ, ಇವೆರಡರಿಂದ ಮೂರೂ ಹುಟ್ಟಿವೆ. ಈ ಸಂಬಂಧವನ್ನು ತಿಳಿದು ನೋಡಿದರೆ ಊರಿನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುವದು. ಅದನ್ನು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ಹೊಳೆಯ ವಿಷಯ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಸೆರಗಿನಲ್ಲಿ ಹುಟ್ಟುತ್ತದೆ. ಕಡಲು ಅಲ್ಲಿಂದ ಬಹಳ ದೂರವಿಲ್ಲ. ಆದರೂ ಹೊಳೆ ಪಶ್ಚಿಮಕ್ಕೆ ತಿರುಗದೆ ಪೂರ್ವಕ್ಕೆ ಮುಖ ಮಾಡಿ ಸುಮಾರು ೩೦೦ ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವದು. ಈ ಹಾದಿಯಲ್ಲಿ ಕಿತ್ತೂರ ಸೀಮೆಯ ಎಂ. ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿ, ಸವದತ್ತಿ ತಾಲೂಕಿನ ನವಿಲುತೀರ್ಥ, ಕೊನೆಗೆ ರಾಮದುರ್ಗ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಬರುತ್ತವೆ. ನಮ್ಮ ನಾಲ್ಕು ತಾಲೂಕುಗಳನ್ನು ಒಂದುಗೂಡಿಸಿದ್ದು ಸರಕಾರದ ಗಡಿರೇಖೆಗಿಂತ ಮೊದಲು ಈ ಹೊಳೆಯೇ.

ಇನ್ನು ಗುಡ್ಡದ ವಿಷಯ. ಸವದತ್ತಿಯ ಸುತ್ತಲಿನ ಗುಡ್ಡಗಳು ಕರಿಕಲ್ಲಿನವಲ್ಲ. ಅವು ಮರಳು ಗಟ್ಟಿಯಾಗಿ ಹುಟ್ಟಿದ ಕಲ್ಲು. ಒತ್ತಡ ಕಾವುಗಳಿಂದ ಇನ್ನೂ ಬಿಗಿದು ಕ್ವಾರ್ಟ್ಸೈಟ್ ಎಂಬ ಗಡಸುಶಿಲೆಯಾಗಿವೆ. ಭೂವಿಜ್ಞಾನಿಗಳು ಬಾಗಲಕೋಟೆಯ ಕಲಾದಗಿ ಊರಿನ ಹೆಸರಿನಿಂದ ಕರೆಯುವ ಶಿಲಾಸಮೂಹಕ್ಕೆ ಇವು ಸೇರಿದವು. ಆ ಸಮೂಹದ ಕೆಳಗಿನ ಒಂದು ಪದರಕ್ಕೆ ರಾಮದುರ್ಗದ ಹೆಸರನ್ನೂ, ಅದರೊಳಗಿನ ಗಡಸುಶಿಲೆಗೆ ಸವದತ್ತಿಯ ಹೆಸರನ್ನೂ ಇಟ್ಟಿದ್ದಾರೆ. ನಮ್ಮ ಊರುಗಳ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಹೀಗೆ ಶಾಶ್ವತವಾಗಿ ನಿಂತಿರುವದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಈ ಶಿಲೆಗಳ ವಯಸ್ಸು ನೂರು ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಇವುಗಳ ಮರಳು ಅಂದಿನ ಆಳವಿಲ್ಲದ ಕಡಲಿನಲ್ಲಿಯೂ ಅದರ ದಂಡೆಯಲ್ಲಿಯೂ ನೆಲೆಗೊಂಡದ್ದು. ಕಲಾದಗಿ ಶಿಲೆಗಳಲ್ಲಿ ಕೆಲವೆಡೆ ನೀರಿನ ಅಲೆಗಳು ಮರಳಿನ ಮೇಲೆ ಬರೆದ ಗೆರೆಗಳು ಹಾಗೆಯೇ ಕಲ್ಲಾಗಿ ಉಳಿದಿರುವದನ್ನು ಕಾಣಬಹುದು. ಆದಕಾರಣ ಸವದತ್ತಿಯು ಕಡಲ ದಂಡೆಯ ಊರಲ್ಲವೆಂಬ ಮಾತು ಇಂದಿಗೆ ಮಾತ್ರ ನಿಜ; ಊರೂ ಮನುಷ್ಯನೂ ಇಲ್ಲದ ಕಾಲದಲ್ಲಿ ಇದು ದಂಡೆಯೇ ಆಗಿತ್ತು.

ಗಡಸುಶಿಲೆಯ ಈ ಸಾಲು ಬಯಲಿನ ನಡುವೆ ಗೋಡೆಯಂತೆ ನಿಂತಿದೆ. ಸುತ್ತಲಿನ ಮೆತ್ತನೆಯ ನೆಲ ಸವೆದು ಹೋದರೂ ಇದು ಸವೆಯದೆ ಉಳಿಯಿತು. ಮಲಪ್ರಭೆ ಮಾತ್ರ ಒಂದು ಕಡೆ ಇದನ್ನು ಕೊರೆದು ಕಿರಿದಾದ ಬಾಗಿಲು ಮಾಡಿಕೊಂಡಿತು. ಆ ಬಾಗಿಲೇ ನವಿಲುತೀರ್ಥ. ಗೋಡೆಯ ಮೇಲೆ ಕೋಟೆ, ಗೋಡೆಯ ಮಡಿಲಿನ ಕೊಳ್ಳದಲ್ಲಿ ದೇವತೆ, ಗೋಡೆಯ ಬಾಗಿಲಿಗೆ ಆಣೆಕಟ್ಟು: ಸವದತ್ತಿಯ ಚರಿತ್ರೆಯ ಸಾರವನ್ನೆಲ್ಲ ಈ ಒಂದು ವಾಕ್ಯದಲ್ಲಿ ಹೇಳಬಹುದು. ಇನ್ನು ಒಂದೊಂದನ್ನೇ ವಿಚಾರಿಸೋಣ.

ಶಾಸನಗಳಲ್ಲಿ ಈ ಊರಿನ ಹೆಸರು ಸುಗಂಧವರ್ತಿ. ಜನರ ಬಾಯಲ್ಲಿ ಅದು ಸವಂಧವತ್ತಿಯಾಗಿ, ಸವದತ್ತಿಯಾಯಿತು. ಆಂಗ್ಲರ ಕಾಗದಪತ್ರಗಳಲ್ಲಿ ಸೌಂದತ್ತಿ ಎಂದು ಬರೆಯುವ ರೂಢಿ ಬಿದ್ದು, ಎರಡೂ ಹೆಸರು ಇಂದಿಗೂ ಬಳಕೆಯಲ್ಲಿವೆ. ರಟ್ಟರೆಂಬ ಅರಸು ಮನೆತನದವರು ೯ನೆಯ ಶತಮಾನದಿಂದ ೧೩ನೆಯ ಶತಮಾನದವರೆಗೆ ಈ ಸೀಮೆಯನ್ನು ಆಳಿದರು. ಶಕ ೭೯೭, ಅಂದರೆ ಕ್ರಿ. ಶ. ೮೭೫ರ ಕಾಲಮಾನವನ್ನು ಹೇಳುವ ಶಾಸನವೊಂದರಲ್ಲಿ ಪೃಥ್ವೀರಾಮನೆಂಬ ರಟ್ಟ ನಾಯಕನು ಸುಗಂಧವರ್ತಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿ ಇದೆ. ರಟ್ಟರು ಮೊದಲು ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ಚಾಲುಕ್ಯರ ಬಲ ಕುಗ್ಗಿದ ಮೇಲೆ ಸ್ವತಂತ್ರರಂತೆ ನಡೆದುಕೊಂಡರು. ಮುಂದೆ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ ಒಯ್ದರು. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯು ರಟ್ಟರ ೪ನೆಯ ಕಾರ್ತವೀರ್ಯನ ಕಾಲದಲ್ಲಿ, ೧೨೦೪ರಲ್ಲಿ, ಅವನ ಮಂತ್ರಿಯು ಕಟ್ಟಿಸಿದ್ದು. ಆ ಬಸದಿಯನ್ನು ನೋಡಿದವರು ತಮಗೆ ತಿಳಿಯದಂತೆಯೇ ಸವದತ್ತಿಯ ಅರಸರ ಕಾಲದ ಕೆಲಸವನ್ನು ನೋಡಿದ್ದಾರೆ.

ನಮ್ಮಂಥ ಕಲಾವಿಭಾಗದ ವಿದ್ಯಾರ್ಥಿಗಳಿಗೆ ರಟ್ಟರ ವಿಷಯದಲ್ಲಿ ಇನ್ನೂ ಒಂದು ಅಭಿಮಾನದ ಕಾರಣವುಂಟು. ೧೩ನೆಯ ಶತಮಾನದ ಆದಿಭಾಗದಲ್ಲಿ 'ಪಾರ್ಶ್ವನಾಥ ಪುರಾಣ'ವನ್ನು ಬರೆದ ಕವಿ ಪಾರ್ಶ್ವಪಂಡಿತನಿಗೆ ಆಶ್ರಯ ಕೊಟ್ಟವರು ಈ ರಟ್ಟರು. ಕನ್ನಡ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಒಂದು ಹೆಸರಾಗಿ ಬಂದು ಹೋಗುವ ಕವಿ ನಮ್ಮ ನೆರೆಯವನೇ. ಕೊನೆಯ ರಟ್ಟ ಅರಸ ೨ನೆಯ ಲಕ್ಷ್ಮಿದೇವನ ೧೨೨೮ರ ಶಾಸನವೂ ಸವದತ್ತಿಯಲ್ಲಿಯೇ ದೊರೆತಿದೆ. ಅದರಾಚೆಗೆ ಹತ್ತಾರು ವರ್ಷಗಳಲ್ಲಿ ದೇವಗಿರಿಯ ಯಾದವ ಸಿಂಘಣನ ಸೇನೆಯಿಂದ ರಟ್ಟರ ರಾಜ್ಯ ಮುಗಿಯಿತು. ೧೯ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ಈ ಶಾಸನಗಳನ್ನು ಓದಿ ಪ್ರಕಟಿಸದೆ ಇದ್ದಿದ್ದರೆ ರಟ್ಟರ ವಂಶಾವಳಿಯು ಇಷ್ಟು ಸ್ಪಷ್ಟವಾಗಿ ನಮಗೆ ದೊರೆಯುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಲ್ಲಮ್ಮನ ಕತೆಯಲ್ಲಿ ಕಾರ್ತವೀರ್ಯಾರ್ಜುನನೆಂಬ ಅರಸನು ಬರುವನು. ರಟ್ಟರ ವಂಶಾವಳಿಯಲ್ಲಿಯೂ ಕಾರ್ತವೀರ್ಯನೆಂಬ ಹೆಸರಿನ ನಾಲ್ವರು ಬರುವರು. ಕೇಳಿದ ಕೂಡಲೆ ಇಬ್ಬರನ್ನೂ ಒಂದು ಮಾಡಿ ಬಿಡುವ ಮನಸ್ಸಾಗುತ್ತದೆ. ಆದರೆ ಒಬ್ಬನು ಪುರಾಣದ ಪುರುಷ. ಉಳಿದವರು ಕಲ್ಲಿನ ಮೇಲೆ ಶಕವರ್ಷ ಸಹಿತ ದಾನ ಬರೆಯಿಸಿದ ಮನುಷ್ಯರು. ಹಳೆಯ ಮನೆತನಗಳು ಪುರಾಣದ ಹೆಸರುಗಳನ್ನು ಪ್ರೀತಿಯಿಂದ ಇಟ್ಟುಕೊಳ್ಳುವದು ಎಲ್ಲೆಡೆಯೂ ಇದ್ದದ್ದೇ. ಹೆಸರು ಒಂದಾದ ಮಾತ್ರಕ್ಕೆ ಚರಿತ್ರೆಯೂ ಪುರಾಣವೂ ಒಂದಾಗಲಾರವು. ಎರಡಕ್ಕೂ ಅವುಗಳದೇ ಆದ ಬೆಲೆಯುಂಟು.

ರಟ್ಟರ ತರುವಾಯ ಈ ಸೀಮೆ ಯಾದವರು, ವಿಜಯನಗರದವರು, ವಿಜಾಪುರದ ಆದಿಲಶಾಹಿಯವರು, ಸವಣೂರ ನವಾಬರು, ಪೇಶವೆಯರು ಹೀಗೆ ಅನೇಕರ ಕೈಗೆ ಹೋಗಿ, ೧೮೧೮ರಲ್ಲಿ ಆಂಗ್ಲರಿಗೆ ಸೇರಿತು. ಮುಂದೆ ಮುಂಬಯಿ ಪ್ರಾಂತದ ಭಾಗವಾಗಿದ್ದು, ೧೯೫೬ರ ನವೆಂಬರ ೧ರಂದು ಅಂದಿನ ಮೈಸೂರು ರಾಜ್ಯದಲ್ಲಿ ಒಂದಾಯಿತು. ಊರಿನೊಳಗೆ ಇಂದು ಕಾಣುವ ಕೋಟೆಯು ೧೮ನೆಯ ಶತಮಾನದ್ದು. ನವಲಗುಂದ–ಶಿರಸಂಗಿ ದೇಸಾಯರ ಮನೆತನದ ಜಾಯಪ್ಪ ದೇಸಾಯರು ಇದನ್ನು ಕಟ್ಟಿಸಿದರು. ಎಂಟು ಕೊತ್ತಲಗಳ ಈ ಕೋಟೆಯೊಳಗೆ ಕಾಡಸಿದ್ಧೇಶ್ವರನ ಗುಡಿಯಿದೆ. ಅದರ ಸುತ್ತಿನ ಕಲ್ಲುಗಳ ಮೇಲೆ ಕೊರೆದ ಬಳ್ಳಿ, ಹೂ, ಜಾಲಂಧ್ರದ ವಿನ್ಯಾಸಗಳು ಒಂದರಂತೆ ಒಂದಿಲ್ಲ. ರಂಗವಲ್ಲಿಯ ಪುಸ್ತಕವನ್ನೇ ಕಲ್ಲಿನಲ್ಲಿ ಬಿಡಿಸಿಟ್ಟಂತೆ ತೋರುವದು. ಊರಿನ ಅಂಕೇಶ್ವರ, ಪುರದೇಶ್ವರ, ಮಲ್ಲಿಕಾರ್ಜುನ ಗುಡಿಗಳು ಇನ್ನೂ ಹಳೆಯ ಕಾಲವನ್ನು ನೆನಪಿಗೆ ತರುವವು.

ಊರಿಗೆ ದಕ್ಷಿಣಕ್ಕೆ ಎರಡು ಮೂರು ಕಿಲೋಮೀಟರಿನಲ್ಲಿ ಪರಸಗಡವೆಂಬ ಗಿರಿದುರ್ಗವಿದೆ. ಸವದತ್ತಿ ತಾಲೂಕಿಗೆ ಹಳೆಯ ಸರಕಾರಿ ಕಾಗದಗಳಲ್ಲಿ ಪರಸಗಡ ತಾಲೂಕೆಂದೇ ಹೆಸರು. ಕೋಟೆ ಪಾಳುಬಿದ್ದರೂ ಅದರ ಸ್ಥಾನವು ಕಲಿಸುವ ಪಾಠ ಪಾಳುಬಿದ್ದಿಲ್ಲ. ಕೋಟೆಗಾರನು ಗೋಡೆಯನ್ನು ಪೂರ್ತಿ ಕಟ್ಟಬೇಕಾದ್ದಿಲ್ಲ, ಬಂಡೆಯೇ ಗೋಡೆ. ಬಂಡೆ ಬಿರಿದ ಕಡೆ ಮಾತ್ರ ಕಲ್ಲು ಜೋಡಿಸಿದರೆ ಸಾಕು. ಮೇಲೆ ನಿಂತು ನೋಡಿದರೆ ಬಯಲಿನಲ್ಲಿ ಬರುವ ದಂಡು ಎಷ್ಟೋ ದೂರದಿಂದಲೇ ಕಣ್ಣಿಗೆ ಬೀಳುವದು. ರಾಜಧಾನಿಗೆ ಈ ಸ್ಥಳವನ್ನು ಏಕೆ ಆರಿಸಿದರೆಂಬ ಪ್ರಶ್ನೆಗೆ ಇಲ್ಲಿ ಕಾಲಿನ ಕೆಳಗೆಯೇ ಉತ್ತರವಿದೆ.

ಈಗ ಲಕ್ಷಾವಧಿ ಜನರನ್ನು ಕರೆತರುವ ಎಲ್ಲಮ್ಮನ ಗುಡ್ಡಕ್ಕೆ ಬರೋಣ. ಊರಿನಿಂದ ಇದು ಸುಮಾರು ೫ ಕಿಲೋಮೀಟರು. ಗುಡ್ಡವೆಂದು ಕರೆದರೂ ಗುಡಿಯು ಶಿಖರದ ಮೇಲಿಲ್ಲ, ಗುಡ್ಡಗಳ ನಡುವಿನ ಕೊಳ್ಳದಲ್ಲಿದೆ. ಭಕ್ತರು ದೇವಿಯನ್ನು ಏಳುಕೊಳ್ಳದ ಎಲ್ಲಮ್ಮನೆಂದು ಕರೆಯುವದೂ ಇದಕ್ಕಾಗಿಯೇ. ಕೊಳ್ಳವೆಂದರೆ ಗುಡ್ಡದ ನೀರು ಇಳಿದು ಬರುವ ತಗ್ಗು. ನೀರಿದ್ದಲ್ಲಿ ತಪಸ್ವಿಯೂ ದೇವತೆಯೂ ನೆಲೆಸುವದು ನಮ್ಮ ನಾಡಿನ ಹಳೆಯ ಪದ್ಧತಿ. ಇಂದಿನ ಗುಡಿಯನ್ನು ೧೫೧೪ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಹೇಳುತ್ತಾರೆ. ಭಕ್ತರು ಮೊದಲು ಜೋಗುಳಬಾವಿಯಲ್ಲಿ ಮಿಂದು, ಅಲ್ಲಿಯ ಸತ್ಯಮ್ಮನಿಗೆ ನಮಸ್ಕರಿಸಿ, ಗುಡ್ಡವನ್ನೇರುವರು. ಗುಡಿಯ ಬಳಿ ಎಣ್ಣೆಹೊಂಡ, ಕುಂಕುಮದ ಕುಂಡ, ಅರಿಷಿಣದ ಕುಂಡಗಳಿವೆ. ಭಂಡಾರವನ್ನು ಹಾರಿಸುವಾಗ ಏಳುವ "ಉಧೋ ಉಧೋ" ಎಂಬ ಘೋಷ, ಚೌಡಿಕೆಯ ನಾದ, ಹೋಳಿಗೆ ಕಡಬು ಮಾಡಿ ಪಡಲಗಿ ತುಂಬುವ ಹೆಣ್ಣುಮಕ್ಕಳ ಸಡಗರ ಇವನ್ನು ಒಮ್ಮೆ ಕಂಡವರು ಮರೆಯಲಾರರು.

ದೇವಿಯ ಕತೆಯಲ್ಲಿಯೂ ನೀರೇ ಮುಖ್ಯ. ಜಮದಗ್ನಿಯ ಮಡದಿ ರೇಣುಕೆಯು ದಿನವೂ ಹೊಳೆಯ ದಂಡೆಯ ಹಸಿ ಮರಳಿನಿಂದ ಕೊಡವನ್ನು ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ, ಪತಿಯ ಪೂಜೆಗೆ ನೀರು ತರುತ್ತಿದ್ದಳು. ಆ ಹೊಳೆ ಮಲಪ್ರಭೆಯೇ ಎಂಬುದು ಇಲ್ಲಿಯ ಜನರ ನಂಬಿಕೆ. ಒಂದು ದಿನ ನೀರಾಟವಾಡುವ ಗಂಧರ್ವರನ್ನು ಕಂಡು ಅವಳ ಚಿತ್ತ ಚಲಿಸಿತು. ಮರಳಿನ ಕೊಡ ನಿಲ್ಲಲಿಲ್ಲ. ಮುನಿಯ ಕೋಪಕ್ಕೆ ಗುರಿಯಾದಳು. ತಂದೆಯ ಮಾತಿನಂತೆ ಪರಶುರಾಮನು ತಾಯಿಯ ತಲೆ ಕಡಿದನು. ಆಮೇಲೆ ತಂದೆ ಕೊಟ್ಟ ವರದಿಂದ ಅವಳನ್ನು ಬದುಕಿಸಿಕೊಂಡನು. ಮುಂದೆ ಕಾರ್ತವೀರ್ಯಾರ್ಜುನನ ಕಡೆಯಿಂದ ಜಮದಗ್ನಿಯ ವಧೆಯಾಯಿತು. ಈ ಕತೆಯೇ ಗುಡ್ಡದ ವರ್ಷದ ಲೆಕ್ಕ. ಮಾರ್ಗಶಿರದ ಹೊಸ್ತಿಲ ಹುಣ್ಣಿವೆಯಂದು ದೇವಿಗೆ ವೈಧವ್ಯ ಬಂತೆಂದು ಬಳೆ ಒಡೆಯುವರು. ಜನರು ಅದನ್ನು ರಂಡಿ ಹುಣ್ಣಿವೆ ಎನ್ನುವರು. ಪುಷ್ಯದಲ್ಲಿ ಬನದ ಹುಣ್ಣಿವೆ. ಮಾಘದ ಭಾರತ ಹುಣ್ಣಿವೆಯಂದು ಮುನಿಯು ಮತ್ತೆ ಬದುಕಿದನೆಂದು ಹಸಿರು ಬಳೆ ಇಡುವರು. ಅದು ಮುತ್ತೈದೆ ಹುಣ್ಣಿವೆ. ಚೈತ್ರದಲ್ಲಿ ದವನದ ಹುಣ್ಣಿವೆ. ಕರ್ನಾಟಕದವರಲ್ಲದೆ ಮಹಾರಾಷ್ಟ್ರ, ಗೋವೆ, ಆಂಧ್ರ, ತೆಲಂಗಾಣಗಳ ಜನರೂ ಬರುವರು. ಮೋಟಾರುಗಳ ಈ ಕಾಲದಲ್ಲಿಯೂ ಕೊಲ್ಲಾರಿ ಬಂಡಿ ಹೂಡಿಕೊಂಡು, ಎತ್ತುಗಳನ್ನು ಶೃಂಗರಿಸಿಕೊಂಡು ಬರುವ ಕುಟುಂಬಗಳು ಇನ್ನೂ ಉಂಟು.

ಗುಡ್ಡದ ವರ್ಣನೆ ಮಾಡುವ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ವಿದ್ಯಾವಂತರಾದ ನಾವು ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಬಡತನ, ಜಾತಿಯ ತುಳಿತ ಮತ್ತು ಮೂಢನಂಬಿಕೆ ಇವು ಕೂಡಿ ಎಳೆಯ ಹೆಣ್ಣುಮಕ್ಕಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ, ಅವರ ಬಾಳನ್ನು ಹಾಳುಮಾಡುವ ಪದ್ಧತಿ ಈ ಸೀಮೆಯಲ್ಲಿ ಬಹುಕಾಲ ನಡೆಯಿತು. ಮುಂಬಯಿ ಸರಕಾರವು ೧೯೩೪ರಲ್ಲಿಯೇ ಇದರ ವಿರುದ್ಧ ಕಾಯಿದೆ ಮಾಡಿತು. ಕರ್ನಾಟಕವು ೧೯೮೨ರಲ್ಲಿ ದೇವದಾಸಿ ಸಮರ್ಪಣ ನಿಷೇಧದ ಕಾಯಿದೆಯನ್ನು ಅಂಗೀಕರಿಸಿತು. ಎರಡರ ನಡುವೆ ೪೮ ವರ್ಷಗಳ ಅಂತರವಿರುವದೇ ಬರಿಯ ಕಾಯಿದೆಯಿಂದ ರೂಢಿ ಸಾಯದೆಂಬುದಕ್ಕೆ ಸಾಕ್ಷಿ. ನಿಜವಾದ ಬದಲಾವಣೆಯನ್ನು ತಂದವರಲ್ಲಿ ಆ ದುಃಖವನ್ನು ಉಂಡ ಹೆಂಗಸರೇ ಮುಂದಿದ್ದರು. ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ಘಟಪ್ರಭೆಯಲ್ಲಿ ೧೯೯೭ರಲ್ಲಿ ತಮ್ಮದೇ ಸಂಸ್ಥೆಯೊಂದನ್ನು ಕಟ್ಟಿದರು. ಬಾಲ್ಯದಲ್ಲಿಯೇ ದೇವಿಗೆ ಬಿಡಲ್ಪಟ್ಟು, ಬೆಳೆದ ಮೇಲೆ ಆ ಸಂಸ್ಥೆಯ ಮುಂದಾಳಾದ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆಯಿತು. ಎಲ್ಲಮ್ಮನ ಜೋಗತಿಯರ ಕಲೆಯನ್ನು ನಾಡಿಗೆಲ್ಲ ಪರಿಚಯಿಸಿದ ಮಂಜಮ್ಮ ಜೋಗತಿಯವರಿಗೆ ೨೦೨೧ರಲ್ಲಿ ಅದೇ ಗೌರವ ಸಂದಿತು. ಭಕ್ತಿಯನ್ನೂ ಕಲೆಯನ್ನೂ ಉಳಿಸಿಕೊಂಡು ಅನ್ಯಾಯವನ್ನು ಮಾತ್ರ ಕಿತ್ತೊಗೆಯಬಹುದೆಂದು ಇವರು ತೋರಿಸಿಕೊಟ್ಟರು. ಗುಡ್ಡಕ್ಕೆ ಹೋಗುವವರು ಗುಡಿಯ ಗೋಪುರವನ್ನು ನೋಡುವ ಕಣ್ಣಿನಿಂದಲೇ ಈ ಚರಿತ್ರೆಯನ್ನೂ ನೋಡಬೇಕು.

ಇನ್ನು ಮೂರನೆಯದು, ಸಾಗರ. ಊರಿನಿಂದ ಸುಮಾರು ೧೦ ಕಿಲೋಮೀಟರಿನಲ್ಲಿ, ಮುನವಳ್ಳಿಯ ಸಮೀಪ, ಹೊಳೆಯು ಗುಡ್ಡವನ್ನು ಸೀಳಿದ ಬಾಗಿಲಿನಲ್ಲಿಯೇ ಆಣೆಕಟ್ಟನ್ನು ಕಟ್ಟಿದ್ದಾರೆ. ೧೯೬೦ರ ದಶಕದಲ್ಲಿ ನಡೆದ ಕೆಲಸ ೧೯೭೦ರ ದಶಕದ ಆದಿಭಾಗದಲ್ಲಿ ಮುಗಿಯಿತು. ಆಣೆಕಟ್ಟಿನ ಉದ್ದ ಸುಮಾರು ೧೫೫ ಮೀಟರು ಮಾತ್ರ; ಎತ್ತರ ೪೦ ಮೀಟರಿಗೂ ಮಿಕ್ಕಿದ್ದು. ಅದರ ಹಿಂದೆ ನಿಲ್ಲುವ ನೀರು ೩೭.೭೩ ಟಿ.ಎಂ.ಸಿ., ಎಂದರೆ ಸುಮಾರು ೩,೭೭೩ ಕೋಟಿ ಘನ ಅಡಿ. ಇದರ ವಿಶೇಷವನ್ನು ಹೋಲಿಕೆಯಿಂದಲೇ ತಿಳಿಯಬೇಕು. ಮೈಸೂರಿನ ಕೃಷ್ಣರಾಜಸಾಗರದಲ್ಲಿ ಸುಮಾರು ೪೯ ಟಿ.ಎಂ.ಸಿ. ನೀರನ್ನು ತಡೆಯಲು ಎರಡೂವರೆ ಕಿಲೋಮೀಟರಿಗೂ ಉದ್ದವಾದ ಕಟ್ಟೆ ಬೇಕಾಯಿತು. ಇಲ್ಲಿ ಅದರ ಮುಕ್ಕಾಲು ಪಾಲು ನೀರಿಗೆ ಹದಿನೇಳನೆಯ ಒಂದು ಭಾಗದಷ್ಟು ಉದ್ದದ ಕಟ್ಟೆ ಸಾಕಾಯಿತು. ಉಳಿದ ಕಟ್ಟೆಯನ್ನು ಗಡಸುಶಿಲೆಯ ಗುಡ್ಡ ತಾನೇ ಕಟ್ಟಿಕೊಟ್ಟಿತ್ತು! ಹಿಂದೆ ಕೋಟೆಗಾರನಿಗೆ ಆದ ಉಪಕಾರವೇ ಮುಂದೆ ಇಂಜಿನಿಯರನಿಗೂ ಆಯಿತು.

ಜಲಾಶಯ ತುಂಬಿದಾಗ ರೇಣುಕಾಸಾಗರದ ನೋಟವು ಹೆಸರಿಗೆ ತಕ್ಕಂತೆಯೇ ಇರುವದು. ಆಚೆಯ ದಂಡೆ ಕಣ್ಣಿಗೆ ಮಸುಕಾಗಿ, ಗಾಳಿಗೆ ತೆರೆಗಳೆದ್ದು, ಬಯಲುಸೀಮೆಯವನಿಗೆ ಕಡಲಿನ ಅನುಭವವಾಗುವದು. ಆದರೆ ಈ ನೀರು ವಿಹಾರಕ್ಕಾಗಿ ನಿಂತದ್ದಲ್ಲ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ೨ ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ಕಾಲುವೆಗಳಿಂದ ನೀರುಣಿಸುವದು ಇದರ ಉದ್ದೇಶ. ಹುಬ್ಬಳ್ಳಿ–ಧಾರವಾಡದ ಜನ ಕುಡಿಯುವ ನೀರೂ ಇಲ್ಲಿಯದೇ. ಇದಕ್ಕಾಗಿ ಹೊಳೆಯ ದಂಡೆಯ ಹಲವು ಹಳ್ಳಿಗಳು ಮುಳುಗಿದವು. ಹಿರಿಯರ ಹೊಲ, ಮನೆ, ಗುಡಿಗಳನ್ನು ಬಿಟ್ಟು ಜನರು ಎತ್ತರದ ನೆಲಕ್ಕೆ ಹೋಗಿ ಹೊಸದಾಗಿ ಬಾಳು ಕಟ್ಟಿದರು. ನೀರು ಪಡೆಯಬೇಕಾದ ರೈತರ ಗೋಳೂ ಕಡಿಮೆಯಾಗಿರಲಿಲ್ಲ. ನೀರು ಸರಿಯಾಗಿ ಬಾರದ ಹೊಲಗಳಿಗೂ ಅಭಿವೃದ್ಧಿ ಕರವನ್ನು ಹೇರಿದ್ದರಿಂದ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು. ೧೯೮೦ರ ಜುಲೈ ೨೧ರಂದು ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಆ ದಿನವನ್ನು ಅಲ್ಲಿ ಪ್ರತಿವರ್ಷವೂ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ಕರ್ನಾಟಕದ ರೈತ ಚಳುವಳಿಗೆ ಹೊಸ ಬಲ ಬಂದದ್ದು ಇಲ್ಲಿಂದಲೇ.

ಮಳೆ ಕಡಿಮೆಯಾದ ವರ್ಷಗಳಲ್ಲಿ ಸಾಗರವು ಪೂರ್ತಿ ತುಂಬುವದಿಲ್ಲ. ಆದಕಾರಣ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಬಹುದಿನಗಳದು. ೨೦೧೮ರಲ್ಲಿ ಮಹದಾಯಿ ನ್ಯಾಯಾಧಿಕರಣವು ಇದಕ್ಕಾಗಿ ೩.೯ ಟಿ.ಎಂ.ಸಿ. ನೀರನ್ನು ಹಂಚಿಕೊಟ್ಟಿತು. ಮರುವರ್ಷವೇ, ೨೦೧೯ರ ಆಗಸ್ಟಿನಲ್ಲಿ, ಹೊಳೆಯು ಇನ್ನೊಂದು ಮುಖವನ್ನು ತೋರಿಸಿತು. ಸಾಗರ ತುಂಬಿ ಬಾಗಿಲು ತೆರೆಯಬೇಕಾಗಿ, ಕೆಳಗಿನ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿತು. ನೀರು ಸಾಲದೆಂದು ಅತ್ತ ಜನರೇ ನೀರು ಹೆಚ್ಚಾಯಿತೆಂದೂ ಅಳಬೇಕಾಯಿತು. ದಂಡೆಯಲ್ಲಿ ನಿಂತು ಚಿತ್ರ ತೆಗೆಯುವಾಗ ನಾವು ಇದನ್ನು ಕ್ಷಣಕಾಲವಾದರೂ ನೆನೆಯುವದು ಯುಕ್ತ.

ಸವದತ್ತಿಯನ್ನು ನೋಡಬಯಸುವ ಮಿತ್ರರಿಗೆ ಒಂದೆರಡು ಸೂಚನೆಗಳು. ಇಲ್ಲಿಗೆ ರೈಲಿಲ್ಲ. ಧಾರವಾಡದಲ್ಲಿಳಿದು ಬಸ್ಸಿನಲ್ಲಿ ಸುಮಾರು ೪೦ ಕಿಲೋಮೀಟರು ಬರಬೇಕು. ಬೈಲಹೊಂಗಲ, ಬೆಳಗಾವಿ, ರಾಮದುರ್ಗಗಳಿಂದಲೂ ಬಸ್ಸುಗಳುಂಟು. ಜಾತ್ರೆಯ ಸಡಗರವನ್ನೇ ನೋಡಬೇಕೆನ್ನುವವರು ಹುಣ್ಣಿವೆಗೆ ಬರಲಿ. ಕಲ್ಲು, ನೀರು, ಶಾಸನಗಳನ್ನು ನೋಡಬೇಕೆನ್ನುವವರು ಹುಣ್ಣಿವೆಯನ್ನು ಬಿಟ್ಟು ಬರಲಿ. ಮಳೆಗಾಲ ಮುಗಿದ ಮೇಲೆ ಬೇಸಿಗೆ ಬರುವ ಮೊದಲಿನ ತಿಂಗಳುಗಳು ಉತ್ತಮ. ಆಗ ಸಾಗರದಲ್ಲಿ ನೀರಿರುವದು, ಗುಡ್ಡದಲ್ಲಿ ಹಸಿರಿರುವದು. ಎರಡು ದಿನಗಳಿದ್ದರೆ ಮೊದಲನೆಯ ದಿನ ಬೆಳಗಿನ ತಂಪಿನಲ್ಲಿ ಪರಸಗಡವನ್ನು ಹತ್ತಿ ಇಳಿದು, ಊರೊಳಗಿನ ಕೋಟೆ ಮತ್ತು ಗುಡಿಗಳನ್ನು ನೋಡಿ, ಸಂಜೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಎರಡನೆಯ ದಿನ ನವಿಲುತೀರ್ಥ, ಮುನವಳ್ಳಿಯ ಪಂಚಲಿಂಗೇಶ್ವರ, ಆಮೇಲೆ ಹೂಲಿ. ಹೂಲಿಯು ಹಿಂದೆ ಪೂಲಿಯೆಂಬ ಹೆಸರಿನ ಪ್ರಸಿದ್ಧ ಅಗ್ರಹಾರ. ಅಲ್ಲಿಯ ಪಂಚಲಿಂಗೇಶ್ವರ ಗುಡಿಯ ಸಾಲುಕಂಬಗಳು ಚಾಲುಕ್ಯರ ಕಾಲದ ಶಿಲ್ಪಕ್ಕೆ ಒಳ್ಳೆಯ ಮಾದರಿ. ಜಲಾಶಯದ ನೀರಿಗೆ ಈಜಲು ಇಳಿಯುವದು ಮಾತ್ರ ಸಲ್ಲದು. ಕೆಳಗಿನ ತಗ್ಗುದಿಣ್ಣೆಗಳು ದಂಡೆಯಲ್ಲಿ ನಿಂತವನಿಗೆ ಕಾಣುವದಿಲ್ಲ.

ಇನ್ನಷ್ಟು ದಿನಗಳಿದ್ದವರಿಗೆ ಹೊಳೆಯೇ ದಾರಿ ತೋರಿಸುವದು. ಸೊಗಲದಲ್ಲಿ ಸೋಮೇಶ್ವರನ ಗುಡಿಯೂ ಮಳೆಗಾಲದಲ್ಲಿ ತುಂಬಿ ಧುಮುಕುವ ಜಲಪಾತವೂ ಇವೆ. ಶಿರಸಂಗಿಯಲ್ಲಿ ಕಾಳಿಕಾದೇವಿಯ ಗುಡಿ ಇದೆ; ತಮ್ಮ ಸಂಸ್ಥಾನದ ಸಂಪತ್ತನ್ನೆಲ್ಲ ವಿದ್ಯಾರ್ಥಿಗಳಿಗೆ ಧಾರೆಯೆರೆದ ತ್ಯಾಗವೀರ ಲಿಂಗರಾಜ ದೇಸಾಯರ (೧೮೬೧–೧೯೦೬) ಊರದು. ಸವದತ್ತಿಯಲ್ಲಿ ಕೋಟೆ ಕಟ್ಟಿಸಿದ ಮನೆತನವೇ ಕೊನೆಗೆ ವಿದ್ಯೆಯ ಕೋಟೆಯನ್ನೂ ಕಟ್ಟಿಸಿತು. ಹೊಳೆಯ ಮೇಲ್ಗಡೆ ಸಂಗೊಳ್ಳಿ ರಾಯಣ್ಣನ ಹುಟ್ಟೂರು. ಬೈಲಹೊಂಗಲದಲ್ಲಿ ೧೮೨೯ರ ಫೆಬ್ರುವರಿ ೨ರಂದು ಸೆರೆಯಲ್ಲಿಯೇ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿ. ಕಿತ್ತೂರಿನಲ್ಲಿ ೧೮೨೪ರ ಅಕ್ಟೋಬರ ೨೩ರ ಜಯವನ್ನು ಕಂಡ ಕೋಟೆ, ಅರಮನೆ. ಹೊಳೆಯ ಕೆಳಗಡೆ ರಾಮದುರ್ಗದ ಕೋಟೆ, ಸುರೇಬಾನದ ಹತ್ತಿರದ ಶಬರಿಕೊಳ್ಳ, ಗೊಡಚಿಯ ವೀರಭದ್ರ. ಎಲ್ಲವೂ ಒಂದು ವಾರದ ಪ್ರವಾಸಕ್ಕೆ ಸಾಕಾಗುವಷ್ಟು.

ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗಾಗಿ ೨೦೨೪ರಲ್ಲಿ ಕೇಂದ್ರ ಸರಕಾರವು ಸುಮಾರು ೧೦೦ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬರುವ ಜನರಿಗೆ ನೆರಳು, ನೀರು, ಶೌಚಾಲಯ, ತಂಗಲು ಸ್ಥಳ ಇವೆಲ್ಲ ಅವಶ್ಯವಾಗಿ ಬೇಕು. ಆದರೆ ಗುಡಿಯ ಸುತ್ತ ಮಾತ್ರ ಕಟ್ಟಡಗಳು ಎದ್ದು, ಊರೊಳಗಿನ ಶಾಸನಗಳ ಮೇಲೆ ಸುಣ್ಣ ಬಿದ್ದರೆ, ಕೋಟೆಯ ಕಲ್ಲು ಮನೆಗಳ ತಳಪಾಯಕ್ಕೆ ಹೋದರೆ, ಏಳು ಕೊಳ್ಳಗಳಲ್ಲಿ ಪ್ಲಾಸ್ಟಿಕ್ಕು ತುಂಬಿದರೆ, ಅಭಿವೃದ್ಧಿಯೆಂಬ ಮಾತಿಗೆ ಅರ್ಥ ಉಳಿಯದು. ಕೊಳ್ಳಕ್ಕೆ ಬಿದ್ದ ಕಸ ಮಳೆಯೊಡನೆ ತಗ್ಗಿಗೆ ಇಳಿದು ಹಳ್ಳಕ್ಕೂ ಹೊಳೆಗೂ ಸೇರಲೇಬೇಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವದೆಂಬ ಅರಿವೇ ಇಲ್ಲಿ ಸ್ವಚ್ಛತೆಯ ಮೊದಲ ಪಾಠ.

ಈ ಕೆಲಸದಲ್ಲಿ ಕಾಲೇಜುಗಳ ಪಾಲೂ ಉಂಟು. ಇತಿಹಾಸದ ವಿದ್ಯಾರ್ಥಿಗಳು ಸವದತ್ತಿ, ಹೂಲಿ, ಮುನವಳ್ಳಿಗಳ ಶಾಸನಕಲ್ಲುಗಳು ಇಂದು ಎಲ್ಲೆಲ್ಲಿ, ಯಾವ ಸ್ಥಿತಿಯಲ್ಲಿವೆ ಎಂದು ಒಂದು ಪಟ್ಟಿ ಮಾಡಬಹುದು. ಕನ್ನಡ ವಿದ್ಯಾರ್ಥಿಗಳು ಚೌಡಿಕೆಯ ಪದಗಳನ್ನು ಹಾಡುವ ಹಿರಿಯರಿಂದ ಕೇಳಿ ಬರೆದಿಡಬಹುದು. ಭೂಗೋಳದವರು ಗುಡ್ಡದ ಕಲ್ಲಿನಲ್ಲಿ ಅಲೆಯ ಗುರುತುಗಳನ್ನು ಹುಡುಕಬಹುದು. ಮುಳುಗಿದ ಹಳ್ಳಿಗಳಿಂದ ಎದ್ದು ಬಂದ ಅಜ್ಜ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಅವರ ಊರಿನ ಓಣಿ, ಬಾವಿ, ಗುಡಿಗಳು ಎಲ್ಲಿದ್ದವೆಂದು ಕೇಳಿ ಒಂದು ನಕಾಶೆ ಬರೆದಿಡುವದು ಇಂದು ಸಾಧ್ಯ; ಹತ್ತು ವರ್ಷ ಕಳೆದರೆ ಸಾಧ್ಯವಾಗದು. ಕಡಲನ್ನು ನೋಡಲು ಕಾರವಾರಕ್ಕೆ ಹೋಗಬೇಡಿರೆಂದು ಯಾರೂ ಹೇಳಲಾರರು. ಆದರೆ ನಮ್ಮ ಹೊಳೆ ನಮ್ಮ ಗುಡ್ಡದ ಬಾಗಿಲಿನಲ್ಲಿ ನಿಂತು ಸಾಗರವಾದ ಸ್ಥಳವನ್ನು ಒಮ್ಮೆ ಕಣ್ತೆರೆದು ನೋಡಿ, ಅದಕ್ಕಾಗಿ ಬೆಲೆ ತೆತ್ತವರ ಹೆಸರುಗಳನ್ನು ಬರೆದಿಟ್ಟು ಬಂದರೆ, ಆ ಪ್ರವಾಸವು ನಮ್ಮ ವಿದ್ಯಾಭ್ಯಾಸದ ಒಂದು ಅಂಗವೇ ಆಗುವದು.